ಮತ್ತೊಮ್ಮೆ ಕೇಳಲು ಒಂದನ್ನು ಒತ್ತಿ

ಬಾಗಿಲು ತಟ್ಟಿದ ಸದ್ದು, ರಾತ್ರಿ ಊಟ ಮುಗಿಸಿದ ಹೊತ್ತಿನಲ್ಲಿ ಯಾರಿರಬಹುದು, ಬಂದೆ ಎಂದು ಕೂಗಲು ನೀಲಾವತಿ ಬಾಯಿ ತೆರೆದಳು, ಗಂಟಲಿನ ಆಪರೇಷನ್ನಿನ ನಂತರ ಉಳಿದಿರುವ ಪಿಸುಮಾತು ಬಾಗಿಲನ್ನು ಮುಟ್ಟದೆಂಬುದು ಪ್ರತಿ ಸಲವೂ ಮರೆತುಹೋಗುತ್ತದೆ — ಗಂಡ ಅನಿಲನೇ ಅಡುಗೆಮನೆಯಿಂದ ಬಂದು ತೆರೆದ, ಆಂಟಾಪ್ ಹಿಲ್ ಕ್ಲಿನಿಕ್ಕಿನ ಡಾಕ್ಟರ್ ನಮಿತಾ, ಕೈಯಲ್ಲಿ ಮೊಬೈಲು, ಆ ಕಳ್ಳ ಇವತ್ತು ಬಾಯಿ ಬಿಟ್ಟಿದ್ದಾನೆ ಮೇಡಂ, ಕೇಳಿ ಮಾರಾಯ್ರೆ. ಅನಿಲ ಅಡುಗೆಮನೆಗೆ ಮರಳಿದ. ಕಳ್ಳ — ದಿನಾ ಸಂಜೆ, ರೋಗಿಗಳ ತೊಂದರೆಯನ್ನು ಫೋನಿನಲ್ಲೇ ಕೇಳಿ ಡಾಕ್ಟರಿಗೆ ತಿಳಿಸುವ ಅವಳ ಯಂತ್ರಕ್ಕೆ ಫೋನ್ ಮಾಡಿ, ರೋಗವೇನೆಂದು ಹೇಳದೆ, ಪ್ರಶ್ನೆಯನ್ನು ಮತ್ತೊಮ್ಮೆ ಕೇಳುವ ಗುಂಡಿಯನ್ನಷ್ಟೇ ಒತ್ತುತ್ತ ಕೂರುವವನು, ಕ್ಲಿನಿಕ್ಕಿನ ಸಮಿತಿಯವರಿಗೆ ಆ ಒತ್ತುಗಳ ಲೆಕ್ಕವೇ ನೆಪ, ಕನ್ನಡದ ಪ್ರಶ್ನೆ ಜನರಿಗೆ ಅರ್ಥವಾಗುತ್ತಿಲ್ಲ, ನಾಳೆ ಆ ದನಿಯನ್ನು ತೆಗೆದುಬಿಡೋಣ, ಹಿಂದಿಯೊಂದೇ ಸಾಕು. ನಂಬರು ನೋಡೋಣವೆಂದರೆ ರೋಗಿಯ ಗುರುತು ಯಾರಿಗೂ ಕಾಣಬಾರದೆಂದು ಹಟ ಹಿಡಿದವಳು ನೀಲಾವತಿಯೇ. ತೆಗೆದುಬಿಡೋಣವಂತೆ, ಆ ದನಿ ಅವಳದು, ಗಂಟಲು ನೆಟ್ಟಗಿದ್ದಾಗ ಕೂತು ದಾಖಲಿಸಿದ್ದು. ಪ್ರೊಫೆಸರ್, ಕೃತಕ ಬುದ್ಧಿಮತ್ತೆ, ಟೆಲಿಮೆಡಿಸಿನ್ ಎಂಬ ಮಾತುಗಳಿಗೆಲ್ಲ ಮೊದಲು, ಎರಡು ಜಡೆಯ ಹುಡುಗಿಯಾಗಿ ಚಾಳಿನ ಹೆಂಗಸರನ್ನು ದವಾಖಾನೆಗೆ ಕರೆದೊಯ್ಯುತ್ತಿದ್ದಳು, ಎದ್ಯಾಗ ಚಳಕ ಹೊಡಿತೈತಿ ಅಂತ ಹೇಳವಾ ಡಾಕ್ಟರಗ, ಚುಚ್ಚಿ ಸೆಳೆಯುವ ಈ ಚಳಕಕ್ಕೆ ಹಿಂದಿ ಎಲ್ಲಿಂದ ತರಲಿ ಕಸ್ತೂರಿಬಾಯಿ — ವಿಲೆ ಪಾರ್ಲೆಯ ಕಾಲೇಜಿನಲ್ಲಿ ಪಾಠ ಮಾಡುತ್ತ, ಇಷ್ಟು ವರ್ಷ ಯಂತ್ರಕ್ಕೆ ಕಲಿಸಿದ್ದು ಆ ಚಳಕವನ್ನೇ, ಹಿಂದಿಯೊಂದೇ ಆದರೆ ಅದು ಯಾರಿಗೆ ತಿಳಿದೀತು. ಅವಳ ದನಿ ಹೋದದ್ದಕ್ಕೆ ಅನಿಲ ಮಾತ್ರ ನಗುತ್ತಾನೆ, ಭಾಳ ಛಲೋ ಆತ ಬಿಡ, ಮದಿವ್ಯಾದಾಗಿಂದ ಬೈಸ್ಕೊಂಡೇನಿ, ಈಗ ಕಿವಿಗೆ ಪೆನ್ಶನ್; ಹಳೆಯ ದನಿ ನೆನಪಾಗುವುದಿಲ್ಲವೇ ಎಂದು ಬರೆದು ತೋರಿಸಿದರೆ, ಯಾವ ದನಿ, ಎನ್ನುತ್ತಾನೆ, ಲೋಟ ತೊಳೆಯಲು ಏಳುತ್ತಾನೆ. ನಮಿತಾ ಮೊಬೈಲು ಒತ್ತಿದಳು, ಆ ಕರೆಯ ಧ್ವನಿಮುದ್ರಣ, ಗುಂಡಿ ಒತ್ತಿದಾಗಲೆಲ್ಲ ಒಂದು ಟಿಂಗ್. ಟಿಂಗ್, ಹೆದರಬೇಡಿ, ನಿಧಾನವಾಗಿ ಹೇಳಿ, ನಾನು ಕೇಳುತ್ತಿದ್ದೇನೆ, ಟಿಂಗ್, ಹೆದರಬೇಡಿ — ಇಷ್ಟು ತುಂಬಿದ ದನಿಯಾಗಿತ್ತೇ ತನ್ನದು — ಟಿಂಗ್, ನಿಧಾನವಾಗಿ ಹೇಳಿ, ಟಿಂಗ್, ಆಮೇಲೆ ಒಂದು ಉಸಿರು, ಹಿಂದೆಲ್ಲೋ ಲೋಕಲ್ ರೈಲು ಹಾಯುವ ಸದ್ದು, ಗಂಡಸಿನ ತಗ್ಗಿದ ದನಿ, ನಾ ಏನ ಹೇಳ್ಲಿ, ನೀ ಮಾತಾಡ, ನಾ ಕೇಳ್ತೀನಿ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಇದು ಒಬ್ಬನದೇ ಕಿತಾಪತಿ ಅಂತ ತೋರಿಸಿದ್ರೆ ನಿಮ್ಮ ದನಿ ಉಳೀತದೆ ಮೇಡಂ, ಆದ್ರೆ ಹೆಸರು ಬೇಕಲ್ಲ, ಯಾರಿವ, ಗುರ್ತ ಉಂಟಾ? ಟಿಂಗ್, ಹೆದರಬೇಡಿ, ಟಿಂಗ್, ನೀ ಮಾತಾಡ, ಟಿಂಗ್, ಟಿಂಗ್ — ನೀಲಾವತಿ ಬಾಯಿ ತೆರೆದಳು,

ಅನಿಲ.