ಮೂರು ಚಮಚ ಪುಡಿ

ಪುಡಿಯನ್ನು ಬಾಯಿಗೆ ಸುರಿದುಕೊಳ್ಳುವುದಕ್ಕೂ ಕೆಳಗಿನಿಂದ ಸೀಟಿ ಕೇಳಿಸುವುದಕ್ಕೂ ಸರಿಹೋಯಿತು. ಕ್ರೇನಕ್ಕ ಬಾಟಲಿಯನ್ನು ತುಟಿಗೆ ತಾಗಿಸಿ ಎರಡೇ ಗುಟುಕು ನೀರು ಕುಡಿದು, ಮುಚ್ಚಳ ತಿರುಗಿಸಿಟ್ಟು, ಕ್ರೇನಿನ ಎರಡೂ ಹಿಡಿಗಳ ಮೇಲೆ ಕೈಯಿಟ್ಟಳು. ಮೂರನೆಯ ಗುಟುಕಿಗೆ ಆಸೆಯೇನೋ ಇತ್ತು. ಆದರೆ ಕುಡಿದ ನೀರು ಸುಮ್ಮನಿರುತ್ತದೆಯೇ? ಒಂದು ಗಂಟೆ ಬಿಟ್ಟು ಅವಳನ್ನು ಕೆಳಗಿಳಿಸಿಯೇ ತೀರುತ್ತದೆ.

ಇಳಿಯುವುದೆಂದರೆ ನಲವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ. ಎರಕದ ಕಾರ್ಖಾನೆಯ ದೊಡ್ಡ ಶೆಡ್ಡಿನಲ್ಲಿ, ಸೂರಿಗೆ ತಲೆ ತಾಗುವಷ್ಟು ಎತ್ತರದ ಗಾಜಿನ ಗೂಡಿನೊಳಗೆ ಎಂಟು ಗಂಟೆ ಕೂತು ಕ್ರೇನ್ ಓಡಿಸುವುದು ಅವಳ ಕೆಲಸ. ಆ ಗೂಡು ಹತ್ತಿದ ಮೊದಲ ಹೆಂಗಸು ಅವಳೇ. ಹತ್ತಿದ ವಾರದಲ್ಲಿ ಒಂದೇ ದಿನ ಎರಡು ಸಲ ಇಳಿದಿದ್ದಳು. ಎರಡನೆಯ ಸಲ ಮೇಸ್ತ್ರಿ ಎಲ್ಲರಿಗೂ ಕೇಳುವಂತೆ, "ಕ್ರೇನ್ ಓಡಿಸೋಕೆ ಬಂದಿದ್ದೀಯೋ, ಏಣಿ ಹತ್ತಿ ಇಳಿಯೋಕೆ ಬಂದಿದ್ದೀಯೋ? ಆಗಲ್ಲ ಅಂದ್ರೆ ಹೇಳಿಬಿಡು ತಾಯಿ, ಪ್ಯಾಕಿಂಗ್‌ನಲ್ಲಿ ಜಾಗ ಖಾಲಿ ಇದೆ" ಅಂದಿದ್ದ. ಶೆಡ್ಡಿಗೆ ಶೆಡ್ಡೇ ನಕ್ಕಿತ್ತು. ಅವಳಿಗಿಂತ ಮುಂಚೆ ಅಲ್ಲಿ ಕೂರುತ್ತಿದ್ದ ಗಂಡಸು ಸಿಗರೇಟು ಸೇದಲು ದಿನಕ್ಕೆ ನಾಲ್ಕು ಸಲ ಇಳಿಯುತ್ತಿದ್ದನಂತೆ. ಅದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಪ್ಯಾಕಿಂಗ್‌ಗೆ ಹೋಗಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಅಂದಿನಿಂದ ಅವಳು ಕೆಲಸ ಮುಗಿಯುವವರೆಗೆ ನೀರು ಮುಟ್ಟುವುದನ್ನೇ ಬಿಟ್ಟಳು. ಕೆಲಸ ಉಳಿಯಿತು, ಹೊಟ್ಟೆ ಮುಷ್ಕರ ಹೂಡಿತು.

ಈ ಸಲ ಹೊಟ್ಟೆ ಕಟ್ಟಿಕೊಂಡು ಎಂಟು ದಿನವಾಗಿತ್ತು. ಔಷಧಿ ಅಂಗಡಿಯಾಕೆ ನಾರಿನ ಪುಡಿಯ ಡಬ್ಬಿ ಕೊಡುತ್ತ, "ಮೊದಲು ಒಂದೇ ಚಮಚ. ದೊಡ್ಡ ಲೋಟದ ತುಂಬ ನೀರಿಗೆ ಹಾಕಿ, ಕಲಸಿದ ತಕ್ಷಣ ಕುಡೀಬೇಕು. ಆಮೇಲೂ ದಿನವೆಲ್ಲ ನೀರು ಕುಡೀತಿರಿ" ಎಂದು ಎರಡೆರಡು ಸಲ ಹೇಳಿದ್ದಳು. ಚಮಚದ ಮಾತು ಇವಳ ಕಿವಿಗೆ ಬಿತ್ತು, ಲೋಟದ ಮಾತು ಬೀಳಲಿಲ್ಲ. ಒಂದರಿಂದ ಏನೂ ಆಗಲಿಲ್ಲವೆಂದು ಎರಡಾಯಿತು. ಹೊಟ್ಟೆ ಉಬ್ಬಿತೇ ಹೊರತು ಜಪ್ಪಯ್ಯ ಅಂದರೂ ಕದಲಲಿಲ್ಲ. ಇವತ್ತು ಮೂರು, ಅದೂ ಒಣಪುಡಿ.

ನಾಲ್ಕು ಟನ್ನಿನ ಅಚ್ಚು ಸರಪಳಿಯಲ್ಲಿ ತೂಗುತ್ತ ಶೆಡ್ಡಿನ ನಡುವಿಗೆ ಬಂದಿತ್ತು. ಆಗ ಗಂಟಲಲ್ಲಿ ಏನೋ ಕೂತಂತಾಯಿತು. ನುಂಗಿದಳು, ಇಳಿಯಲಿಲ್ಲ. ಮತ್ತೆ ನುಂಗಿದಳು. ನೆನೆದ ಹಿಟ್ಟಿನಂಥದ್ದೊಂದು ಉಂಡೆ ಅಲ್ಲೇ ಊದಿಕೊಳ್ಳುತ್ತಿತ್ತು. ಉಸಿರೆಳೆದರೆ ಕೊಂಯ್ ಎಂದು ಸದ್ದಾಯಿತಷ್ಟೆ. ಕೂಗೋಣವೆಂದರೆ ದನಿಯಿಲ್ಲ. ಹೀಗೇ ಈ ಗಾಜಿನ ಡಬ್ಬಿಯಲ್ಲಿ ಎಲ್ಲರ ಕಣ್ಣೆದುರೇ, ಯಾರಿಗೂ ಗೊತ್ತಾಗದೆ ಸಾಯುತ್ತೇನೆ ಅನ್ನಿಸಿ ಅವಳಿಗೆ ಜೀವ ಬಾಯಿಗೆ ಬಂತು.

ಕೆಳಗೆ, ಕೈಸನ್ನೆ ಮಾಡಿ ಕ್ರೇನಿಗೆ ದಾರಿ ತೋರುವ ಸೀಟಿಯಣ್ಣ ಯಾವುದೋ ಕೊಕ್ಕೆ ತೆಗೆಯಲೆಂದು ಬಗ್ಗಿ ಅಚ್ಚಿನ ನೇರಕ್ಕೇ ಬಂದಿದ್ದ. ಕೈ ಬಿಟ್ಟರೆ ಅಚ್ಚು ಅವನ ನೆತ್ತಿಯ ಮೇಲೆ ತೂಗುತ್ತ ನಿಲ್ಲುತ್ತದೆ. ಅವಳು ಕೈ ಬಿಡಲಿಲ್ಲ. ಕಣ್ಣು ಮಂಜಾಗುತ್ತಿದ್ದರೂ ನಾಲ್ಕು ಮಾರು ಮುಂದೆ ಸರಿಸಿ, ಇಂಚಿಂಚಾಗಿ ಇಳಿಸಿ, ಸರಪಳಿ ಸಡಿಲಾಗುವುದನ್ನು ಕಂಡ ಮೇಲೇ ಮಂಡಿಗಳ ನಡುವೆ ತಲೆ ಹಾಕಿ ಕೆಮ್ಮಿದಳು. ಕರುಳೇ ಕಿತ್ತು ಬರುವಂಥ ಆರೇಳು ಕೆಮ್ಮಿಗೆ ಲೋಳೆಯ ಉಂಡೆ ನೆಲಕ್ಕೆ ಬಿತ್ತು.

ಸೀಟಿಯಣ್ಣ ಏದುಸಿರು ಬಿಡುತ್ತ ಏಣಿ ಹತ್ತಿ ಬಂದಾಗ ಅವಳು ಅಳುತ್ತ ಕೂತಿದ್ದಳು.

"ಏನಾಯ್ತಮ್ಮ? ಯಾಕೆ ಹಿಂಗೆ ಬೆವತಿದ್ದೀಯ?"

"ಮೇಸ್ತ್ರಿಗೆ ಹೇಳ್ಬೇಡಿ ಅಣ್ಣ."

"ಮೇಸ್ತ್ರಿ ಹಾಳಾಗ್ಲಿ. ಕೆಳಗೆ ನಿಂತಿದ್ದೋನು ನಾನು ಕಣಮ್ಮ."

ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ನರ್ಸು ಅವಳ ಗಂಟಲು ನೋಡಿದಳು, ಹೊಟ್ಟೆ ಒತ್ತಿದಳು, ಡಬ್ಬಿಯನ್ನು ತಿರುಗಿಸಿ ಓದಿದಳು.

"ನೀರೆಷ್ಟು ಕುಡಿದ್ರಿ?"

"ಎರಡು ಗುಟುಕು."

"ಈ ಪುಡಿ ಕೆಲಸ ಮಾಡೋದೇ ನೀರು ಹೀರಿ ಉಬ್ಬಿ. ನೀವು ನೀರು ಕೊಡದಿದ್ರೆ ಸಿಕ್ಕಿದ ಕಡೆ ಕಚ್ಚಿಕೊಂಡು ಕೂರುತ್ತೆ. ಗಂಟಲಾದ್ರೇನು, ಕರುಳಾದ್ರೇನು? ನೀರು ಕುಡಿಯೋಕಾಗಲ್ಲ ಅಂದ್ರೆ ಇದನ್ನ ಮುಟ್ಟಲೇಬೇಡಿ. ಎಂಟು ದಿನ ಅಂತೀರಿ, ಹೊಟ್ಟೆ ಕಲ್ಲಾಗಿದೆ. ಈಗಲೇ ಡಾಕ್ಟರ ಹತ್ರ ಹೋಗಬೇಕು."

"ನೀರು ಕುಡಿದ್ರೆ ಇಳೀಬೇಕಲ್ಲ ಸಿಸ್ಟರ್."

ನರ್ಸು ಅವಳ ಮುಖವನ್ನೇ ನೋಡಿದಳು. "ಇಳೀರಿ" ಅಂದಳು, ಅದರಲ್ಲಿ ಕಷ್ಟವೇನಿದೆ ಎನ್ನುವಂತೆ.

ಆಸ್ಪತ್ರೆಯಲ್ಲಿ ಹೊಟ್ಟೆ ತೆರವು ಮಾಡಿಸಿದರು. ಆ ನಾಚಿಕೆಯನ್ನು ಅವಳು ಗೋಡೆಯ ಕಡೆ ಮುಖ ಮಾಡಿ ಸಹಿಸಿದಳು. ಗಂಟಲು ನೆಟ್ಟಗಿದೆ ಎಂದು ಖಾತ್ರಿ ಮಾಡಿಕೊಂಡ ಡಾಕ್ಟರು, ಪುಡಿ ಒಂದೇ ಚಮಚ, ನೀರು ತುಂಬು ಲೋಟ, ಹೊಟ್ಟೆ ನೋವು ಬಂದರೆ ಅದೂ ಬಂದ್ ಎಂದು ಬರೆದುಕೊಟ್ಟರು. ನಾಲ್ಕನೆಯ ದಿನ ಕೆಲಸಕ್ಕೆ ಬಂದಾಗ ಮೇಸ್ತ್ರಿ ಏಣಿಯ ಬುಡದಲ್ಲೇ ನಿಂತಿದ್ದ. ಅಷ್ಟರಲ್ಲಿ ಅವನಿಗೆ ಸುದ್ದಿ ಮುಟ್ಟಿತ್ತು.

"ಅಷ್ಟು ಅರ್ಜೆಂಟಾದ್ರೆ ಮೇಲೇ ಒಂದು ಬಕೆಟ್ ಇಟ್ಕೋ" ಎಂದು ನಕ್ಕ.

ಅವಳು ಅವನನ್ನು ದಾಟಿ ಏಣಿ ಹತ್ತಿದಳು. ಬೆಳಿಗ್ಗೆ ಕುಡಿದ ಲೋಟದ ನೀರು ಹೊಟ್ಟೆಯಲ್ಲಿ ಕುಲುಕುತ್ತಿತ್ತು. ಹತ್ತೂವರೆಗೆ ಅದು ತನ್ನ ಕೆಲಸ ಶುರುಮಾಡಿತು. ಹನ್ನೊಂದರವರೆಗೆ ತಡೆದಳು. ಹಳೆಯ ಭಯ ಹಿಡಿದು ಕೂರಿಸಿತ್ತು. ಆಮೇಲೆ ಕೊಕ್ಕೆಗಿದ್ದ ಅಚ್ಚನ್ನು ಅದರ ಜಾಗದಲ್ಲಿ ಇಳಿಸಿ, ಗೂಡಿನ ಬಾಗಿಲು ತೆರೆದು ಏಣಿಗೆ ಕಾಲಿಟ್ಟಳು. ನಲವತ್ತೆರಡೂ ಮೆಟ್ಟಿಲು ಇಳಿಯುವವರೆಗೆ ಶೆಡ್ಡು ಕತ್ತೆತ್ತಿ ನೋಡಿತು. ಯಾರೋ ಕೆಮ್ಮಿದಂತೆ ನಕ್ಕರು. ಆದರೂ ಅವಳು ಓಡದೆ ನಡೆದು ಹೋಗಿ, ಶೌಚಾಲಯದ ತಗಡಿನ ಬಾಗಿಲು ಹಾಕಿಕೊಂಡು, ಯಾರಾದರೂ ತಳ್ಳಿಯಾರೆಂದು ಚಿಲಕವನ್ನು ಕೈಯಲ್ಲಿ ಒತ್ತಿ ಹಿಡಿದು ಕೂತಳು.

ಹೊರಗೆ ಕೆಲಸವೆಲ್ಲ ನಿಂತಿತ್ತು. ಮೇಸ್ತ್ರಿಯ ದನಿ ಹತ್ತಿರವೇ ಕೇಳಿಸಿತು.

"ಎಷ್ಟೊತ್ತು ಬೇಕಂತೆ ಅವಳಿಗೆ?"

"ಬೇಕಾದಷ್ಟು ಹೊತ್ತು" ಅಂದ ಸೀಟಿಯಣ್ಣ.

ಮೇಸ್ತ್ರಿ ಏನೋ ಗೊಣಗಿದ. ಹೆಜ್ಜೆಯ ಸದ್ದು ದೂರವಾಯಿತು. ಅವಳು ಚಿಲಕದ ಮೇಲಿನ ಕೈಯನ್ನು ಮೆಲ್ಲಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.