ಬೆಳೆದಿದೆ

‘ಬೆಳೆದಿದೆ’ ಎಂಬ ಒಂದು ಮಾತಿಗಾಗಿ ನಾನೂ ಅಮ್ಮನೂ ತಂಗಿಯೂ ಮೂರು ವಾರ ಜೀವ ಬಿಗಿಹಿಡಿದು ಕಾದೆವು.

ನನ್ನ ಕೆಲಸ ಲ್ಯಾಬಿನಲ್ಲಿ ಜೀವಕೋಶ ಬೆಳೆಸುವುದು. ಹದಿನಾಲ್ಕು ವರ್ಷದಿಂದ ಯಾರ್ಯಾರದೋ ಗಡ್ಡೆಯ ಚೂರುಗಳಿಗೆ ಉಣಿಸಿ, ತೊಳೆದು, ಬೆಚ್ಚಗಿಟ್ಟು ಸಾಕಿದವಳು. ಈ ಸಲ ಬಂದದ್ದು ನನ್ನ ತಂಗಿಯ ಹೊಟ್ಟೆಯ ಗಡ್ಡೆಯ ಚೂರು. ಔಷಧಗಳೆಲ್ಲ ಸೋತ ಮೇಲೆ ಡಾಕ್ಟರು ಹೇಳಿದ ಕೊನೆಯ ದಾರಿ ಇದು: ಬಲ ಕುಂದಿಸಿದ ವೈರಸ್ಸನ್ನು ಅವಳದೇ ಗಡ್ಡೆಯ ಕೋಶಗಳಲ್ಲಿ ಬೆಳೆಸಬೇಕು. ಹೊರಗೆ ಬರುವಾಗ ಅದು ಆ ಕೋಶದ ಸಿಪ್ಪೆಯನ್ನೇ ಅಂಗಿ ಮಾಡಿಕೊಂಡು ಬರುತ್ತದೆ. ಅದನ್ನು ಅವಳಿಗೆ ಚುಚ್ಚಿದರೆ ಮೈ ವೈರಸ್ಸಿನ ಮೇಲೆ ಮುಗಿಬೀಳುತ್ತದೆ, ಅಂಗಿಯ ಗುರುತು ಹಿಡಿಯುತ್ತದೆ, ಆಮೇಲೆ ಅದೇ ಅಂಗಿ ತೊಟ್ಟ ಗಡ್ಡೆಯನ್ನೂ ಬಿಡುವುದಿಲ್ಲ. ಬಿಡದೆ ಇರಬಹುದು ಎಂದರು ಡಾಕ್ಟರು. ಆ ‘ಬಹುದು’ ನಮಗೆ ಕೇಳಿಸಲಿಲ್ಲ. ಬೇರೆಯವರ ಕೋಶ ನಡೆಯದು, ಅಂಗಿ ಬೇರೆಯಾಗಿಬಿಡುತ್ತದೆ.

ವೈರಸ್ಸು ಬಿಡುವ ಮೊದಲು ಕೋಶಗಳು ಬೆಳೆಯಬೇಕು; ಚೂರನ್ನು ಬಿಡಿಸಿ ಮೂರು ಬಾಟಲಿಗೆ ಹಾಕಿದೆ. ಒಂದಕ್ಕೆ ಬೂಷ್ಟು ಹಿಡಿಯಿತು. ಇನ್ನೊಂದರ ಕೋಶಗಳು ತಳಕ್ಕೆ ಅಂಟಲೇ ಇಲ್ಲ. ಮೂರನೆಯದರ ಮುಂದೆ ಕೂತು ನಾಚಿಕೆ ಬಿಟ್ಟು ಬೈದೆ: “ಅವಳ ಹೊಟ್ಟೇಲಿ ಕೊಬ್ಬಿ ಕೂತಿದ್ದೀಯಲ್ಲ, ಇಲ್ಲೇನು ಧಾಡಿ ನಿನಗೆ?” ಆಮೇಲೆ ಬೇಡಿಕೊಂಡೆ. ತಂಗಿಯನ್ನು ತಿನ್ನುತ್ತಿರುವುದಕ್ಕೇ ಬೆಳಿ ಬೆಳಿ ಎಂದು ಕೈಮುಗಿಯುವ ಗತಿ ಬಂತಲ್ಲ ಎಂದು ಅಳು ಬಂತು.

ಅಮ್ಮ ಆಸ್ಪತ್ರೆಯಿಂದ ದಿನಕ್ಕೆ ನಾಲ್ಕು ಸಲ ಫೋನು ಮಾಡುವಳು.

“ಬೆಳೀತೇನೇ?”

“ಇನ್ನೂ ಇಲ್ಲಮ್ಮ.”

“ನೀನು ಸರಿಯಾಗಿ ನೋಡ್ಕೊಳ್ತಿಲ್ಲ.” ಚಿಕ್ಕಂದಿನಲ್ಲಿ ನಾನು ಹಾಲು ಉಕ್ಕಿಸಿದ್ದೂ ಆಗ ಅವಳಿಗೆ ನೆನಪಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಮೂರನೆಯ ಬಾಟಲಿಯ ಕೋಶಗಳೂ ತಳ ಬಿಟ್ಟು ತೇಲುತ್ತಿದ್ದವು. ಎಲ್ಲ ಸತ್ತಿದ್ದವು. ಫೋನಿನಲ್ಲಿ ಹೇಳುವ ಧೈರ್ಯವಾಗದೆ ಆಸ್ಪತ್ರೆಗೇ ಹೋದೆ.

ವಾರ್ಡಿನ ಹೊರಗೆ ಅಮ್ಮನ ಪಕ್ಕ ನಾನು ಹೋಗಿ ನಿಲ್ಲುವುದಕ್ಕೂ ಡಾಕ್ಟರು ಸ್ಕ್ಯಾನಿನ ಕವರು ಹಿಡಿದು ಬರುವುದಕ್ಕೂ ಸರಿಹೋಯಿತು. ಅವರು ಕನ್ನಡಕ ತೆಗೆದು, ತಗ್ಗಿದ ದನಿಯಲ್ಲಿ, “ಬೆಳೆದಿದೆ,” ಎಂದರು.

ಅಮ್ಮ ಅವರ ಎರಡೂ ಕೈ ಹಿಡಿದುಕೊಂಡಳು. “ನಿಮ್ಮ ಹೊಟ್ಟೆ ತಣ್ಣಗಿರಲಿ ಡಾಕ್ಟ್ರೇ!”

ಡಾಕ್ಟರು ಗಾಬರಿಯಾಗಿ ನನ್ನ ಮುಖ ನೋಡಿದರು. ಅಷ್ಟರಲ್ಲಿ ಅಮ್ಮ ಒಳಗೆ ನುಗ್ಗಿ ತಂಗಿಯನ್ನು ತಬ್ಬಿಕೊಂಡು, “ಬೆಳೆದಿದೆಯಂತೆ ಕಣೇ, ಬೆಳೆದಿದೆಯಂತೆ!” ಎಂದು ಅಳುತ್ತ ನಗುತ್ತಿದ್ದಳು.

ತಂಗಿ ಅಮ್ಮನ ಹೆಗಲ ಮೇಲಿಂದ ನನ್ನನ್ನು ನೋಡಿದಳು. “ಎಲ್ಲಿ ಬೆಳೆದಿರೋದು? ನಿನ್ನ ಬಾಟಲೀಲಾ, ನನ್ನಲ್ಲಾ?”

ನಾನು ತಲೆ ತಗ್ಗಿಸಿದೆ. ಅಮ್ಮನ ನಗು ನಿಂತಿತು.

ತಂಗಿ ಹೊದಿಕೆ ಸರಿಸಿ, ಇನ್ನೂ ಮಾಯದ ಹೊಲಿಗೆಯ ಪಕ್ಕ ಬೆರಳಿಟ್ಟಳು.

“ಹಾಗಾದ್ರೆ ಇನ್ನೊಂದು ಚೂರು ತಗೊಂಡು ಹೋಗೇ ಅಕ್ಕ. ಈಗ ಬೇಕಾದಷ್ಟಿದೆ.”