ಅಕ್ಕಿಯಲ್ಲಿ ಬರೆದ ಹೆಸರು

“ಶುಭದಾ ಅಂತ ಹೆಸರಿಟ್ರ?” ಮಾರ್ತಾಂಡ ಕೇಳಿದ.

“ಅಯ್ಯ, ಹಂತಾ ಹೆಸರಿನಾಕಿ ಒಬ್ಬಾಕಿನ ರೈಲು ಹತ್ತಿ ಬೆಳಗಾವಿಗೆ ಬಂದು ಸಾಲಿ ತೆಗೀತಾಳೇನ್ರಿ?” ಮೆಂತೆಪಲ್ಲೆ ಸೋಸುತ್ತಿದ್ದ ಹೆಂಡತಿ ಸುಹಾಸಿನಿ ನಕ್ಕಳು.

“ಅಲಕಾ?”

“ಗಾಳಿ ಬಂದ್ರ ಹಾರಿ ಹೋಗ್ತಾಳ.”

ಕಾಂಗ್ರೆಸ್ ಅಧಿವೇಶನ ನಡೆದ ಮರುವರ್ಷ ಅದು. ಊರಲ್ಲಿ ಓದುವ ಹುಚ್ಚು ಹೆಚ್ಚಿತ್ತು. ಛಾಪಖಾನೆಯ ಯೂಸುಫ ಸಾಹೇಬರು ಹಸ್ತಪ್ರತಿಗಾಗಿ ಎರಡು ಸಲ ಬಂದು ಹೋಗಿದ್ದರು. ಮಾರ್ತಾಂಡನ ಕಾದಂಬರಿಯೇನೋ ಮುಗಿದಿದೆ, ಆದರೆ ನಾಯಕಿಗೇ ಹೆಸರಿಲ್ಲ! ಪುಟಪುಟಕ್ಕೂ ಹೆಸರಿನ ಜಾಗ ಖಾಲಿ ಬಿಟ್ಟ ಮಹಾನುಭಾವ ಇಡೀ ಬೆಳಗಾವಿಯಲ್ಲಿ ಇವನೊಬ್ಬನೇ ಇರಬೇಕು.

ಸುಹಾಸಿನಿ ಸೆರಗಿಗೆ ಕೈ ಒರೆಸಿಕೊಂಡಳು. “ನನ್ನ ಹೆಸರು ಇಡ್ರಿ.”

“ಸುಹಾಸಿನಿ ಅಂತನ?”

“ಅದು ನೀವಿಟ್ಟದ್ದು. ನನ್ನದು ಇಡ್ರಿ.”

ಮದುವೆಯ ದಿನ ತಾಟಿನಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಅವನೇ ಬರೆದ ಹೆಸರು ಸುಹಾಸಿನಿ. ಖಾನಾಪುರದ ಹೊಳೆದಂಡೆಯಲ್ಲಿ ಹುಟ್ಟಿದ ಅವಳಿಗೆ ತವರಿನವರು ಇಟ್ಟದ್ದು ಮಲಪ್ರಭಾ. ನದಿಯ ಹೆಸರಿನವಳು ಮನೆಯಲ್ಲಿ ನಿಲ್ಲುವುದಿಲ್ಲ ಎಂದು ಅತ್ತೆ ಅಂಬಾಬಾಯಿ ಹಟ ಹಿಡಿದು ಬದಲಿಸಿದ್ದರು. ಈಗ ತವರಿನವರ ಬಾಯಲ್ಲೂ ಆ ಹೆಸರು ಉಳಿದಿಲ್ಲ. ಅವಳಿಗೆ ಅದು ಒಳಗೊಳಗೇ ಸುಡುತ್ತಿತ್ತು. ಇಂದೇ ಬಾಯಿಬಿಟ್ಟು ಆಡಿದ್ದು.

“ಆಯಿ ಏನಂತಾಳೋ!” ಅವನಿಗೆ ತಾಯಿಯ ಚಿಂತೆ.

“ಪುಸ್ತಕದಾಗಿನಾಕಿ ಎಲ್ಲಿಗೆ ಹರದು ಹೋಗ್ತಾಳ್ರೀ? ದಾರ ಹಾಕಿ ಹೊಲದಿರ್ತಾರಲ್ಲ!”

ಸಂಜೆ ದೀಪ ಹಚ್ಚಿದ ಮೇಲೆ ಮಾರ್ತಾಂಡ, ಬರಹ ಮುಗಿದಾಗಲೆಲ್ಲ ಮಾಡುವಂತೆ, ತಾಯಿಗೆ ಕಾದಂಬರಿಯನ್ನು ಮೊದಲಿನಿಂದ ಓದತೊಡಗಿದ. ‘ಮಲಪ್ರಭಾ ರೈಲಿನಿಂದ ಇಳಿದಳು’ ಎನ್ನುವಾಗ ಅವನ ದನಿ ಸಣ್ಣದಾಯಿತು. ಸುಹಾಸಿನಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅತ್ತೆ ಬೇಡವೆಂದರೆ ಮುಗಿಯಿತು, ತಾಯಿಯ ಮಾತು ಮೀರುವ ಗಂಡಸಲ್ಲ ಇವನು.

ಅಂಬಾಬಾಯಿ ಹೂಬತ್ತಿ ಮಾಡುತ್ತಿದ್ದ ಕೈ ನಿಲ್ಲಿಸಿದರು. “ಇನ್ನೊಮ್ಮೆ ಓದು.”

ಓದಿದ.

“ಆಕಿಗೆ ಅತ್ತಿ ಅದಾಳೇನು?”

“ಅದಾಳ, ಆಯಿ. ಭಾಳ ಜೋರಿನಾಕಿ.”

“ಇರ್ಲಿ. ಆ ಮುದುಕಿಗೂ ಹೆಸರು ಇಟ್ಟೀಯೇನು?”

“ಇನ್ನೂ ಇಲ್ಲ.”

“ತುಂಗಾ ಅಂತ ಇಡು.”

“ಅದೂ ಹೊಳೀ ಹೆಸರ ಆತಲ್ಲ! ಯಾರದದು?”

ಅಂಬಾಬಾಯಿ ಮತ್ತೆ ಹತ್ತಿಗೆ ಕೈ ಹಾಕಿದರು. “ಲಗ್ನ ಆಗೂತನಕಾ ನಂದೇ ಇತ್ತು.”

ಮಾರ್ತಾಂಡ ಟಾಕನ್ನು ಮಸಿಗೆ ಅದ್ದಿದ. ಸುಹಾಸಿನಿ ಬಾಗಿಲು ಬಿಟ್ಟು ಬಂದು, ಅತ್ತೆಯ ಮಗ್ಗುಲಿಗೆ ಕುಳಿತು, ಹತ್ತಿ ಬಿಡಿಸತೊಡಗಿದಳು.